ಹೊಲದ ಪಹಣಿಯಲ್ಲಿ ಹೆಣ್ಣುಮಕ್ಕಳ ಹೆಸರು ಎಲ್ಲಿದೆ? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಮಾತಾಡಿ

ಲಿಂಗಸುಗೂರು ಅಕ್ಕ:

ಎಲ್ಲರಿಗೂ ನಮಸ್ಕಾರ. ಮಾರ್ಚ್ 8, ಮಹಿಳಾ ದಿನ ಹತ್ತಿರ ಬಂತು. ನಮ್ಮ ಕಡೆಯೂ ಸನ್ಮಾನ, ರಂಗೋಲಿ ಸ್ಪರ್ಧೆ, ಭಾಷಣ ಎಲ್ಲಾ ನಡೆಯುತ್ತವೆ. ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಈ ಸಲ ಇನ್ನೊಂದು ಕೆಲಸವನ್ನೂ ಮಾಡೋಣ. ನಿಮ್ಮ ಮನೆಯ ಹೊಲದ ಪಹಣಿ, ಅಂದರೆ ಹೊಲ ಯಾರ ಹೆಸರಲ್ಲಿದೆ ಅಂತ ಬರೆದಿರುವ ಸರ್ಕಾರಿ ದಾಖಲೆ, ತೆಗೆದು ನೋಡಿ. ಅದರಲ್ಲಿ ಯಾರ ಹೆಸರಿದೆ? ಅಪ್ಪನದು, ಅಣ್ಣನದು, ಮಾವನದು, ಗಂಡನದು. ಅವ್ವನ ಹೆಸರು, ಅಕ್ಕನ ಹೆಸರು, ಸೊಸೆಯ ಹೆಸರು ಎಷ್ಟು ಮನೆಯಲ್ಲಿದೆ?

ಹೊಲದ ಕೆಲಸ ಯಾರು ಮಾಡುತ್ತಾರೆ ಅಂತ ಈ ಮೂರು ಜಿಲ್ಲೆಯವರಿಗೆ ಹೇಳಿಕೊಡಬೇಕಾಗಿಲ್ಲ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಕೆಸರಲ್ಲಿ ನಿಂತು ನೆಲ್ಲು ನಾಟಿ ಮಾಡುವವರು ಹೆಂಗಸರು. ಹತ್ತಿ ಬಿಡಿಸುವವರು, ಕಳೆ ತೆಗೆಯುವವರು ಹೆಂಗಸರು. ದಿನಾ ಮೆಣಸಿನಕಾಯಿ ಬಿಡಿಸಿ, ಕೈ ಉರಿಯುತ್ತಿದ್ದರೂ ಸಂಜೆ ಬಂದು ರೊಟ್ಟಿ ಬಡಿಯುವವರೂ ಅವರೇ. ದೇಶದ ಹಳ್ಳಿಗಳಲ್ಲಿ ದುಡಿಯುವ ಹೆಂಗಸರಲ್ಲಿ ಮುಕ್ಕಾಲು ಭಾಗ ಕೃಷಿಯಲ್ಲೇ ಇದ್ದಾರೆ. 2015-16ರ ಕೃಷಿ ಗಣತಿ ನೋಡಿದರೆ ನೂರು ಹಿಡುವಳಿಗಳಲ್ಲಿ ಹೆಂಗಸರ ಲೆಕ್ಕಕ್ಕೆ ಸಿಗುವುದು ಸುಮಾರು 14 ಮಾತ್ರ.

ಪಹಣಿಯಲ್ಲಿ ಹೆಸರಿಲ್ಲ ಅಂದರೆ ಸೊಸೈಟಿಯಲ್ಲಿ ಬೆಳೆಸಾಲ ಸಿಗುವುದಿಲ್ಲ. ಪಿಎಂ ಕಿಸಾನ್‌ನ ವರ್ಷದ 6000 ರೂಪಾಯಿ ಇಲ್ಲ. ಬೆಳೆ ಪರಿಹಾರ ಬಂದರೂ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಗಂಡ ತೀರಿಕೊಂಡರೆ ಮೈದುನರ ಮುಖ ನೋಡಬೇಕು. ಗಂಡ ಕುಡಿದು ಹೊಲ ಒತ್ತೆ ಇಟ್ಟರೆ, ಯಾಕೆ ಇಟ್ಟೆ ಅಂತ ಕೇಳಲು ಕೈಯಲ್ಲಿ ಒಂದು ಕಾಗದ ಇರುವುದಿಲ್ಲ.

2025ರ ವಿಶ್ವ ಆರ್ಥಿಕ ವೇದಿಕೆಯ ಲಿಂಗ ಅಂತರ ವರದಿಯಲ್ಲಿ 148 ದೇಶಗಳಲ್ಲಿ ನಮ್ಮದು 131ನೇ ಸ್ಥಾನ. ಓದಿನಲ್ಲಿ ಗಂಡು ಹೆಣ್ಣಿನ ಅಂತರ ಬಹಳ ಕಮ್ಮಿ ಆಗಿದೆ ಅಂತ ಅದೇ ವರದಿ ಹೇಳುತ್ತದೆ. ನಾವು ತುಂಬಾ ಹಿಂದೆ ಬಿದ್ದಿರುವುದು ದುಡಿಮೆ ಮತ್ತು ಗಳಿಕೆಯಲ್ಲಿ. ಅದಕ್ಕೇ ನಾನು ಪಹಣಿಯಿಂದ ಶುರು ಮಾಡಿದ್ದು. ನಿಮ್ಮ ಮನೆಯ ವಿಷಯ ಹೇಳಿ.

ಸಿರುಗುಪ್ಪ ರೈತ:

ಅಕ್ಕ, ನಿಮ್ಮ ಮಾತಿಗೆ ಗೌರವ ಇದೆ. ಇನ್ನೊಂದು ಕಡೆಯ ಮಾತನ್ನೂ ಕೇಳಿ. ನಮ್ಮದು ನಾಲ್ಕು ಎಕರೆ. ಮೂವರು ಅಕ್ಕಂದಿರ ಮದುವೆ ಆಗಿದ್ದು ಅದೇ ಹೊಲದ ಮೇಲೆ ಸಾಲ ತೆಗೆದು. ಬಂಗಾರ ಹಾಕಿದ್ದೇವೆ, ಬಾಣಂತನ ಮಾಡಿದ್ದೇವೆ, ಪಂಚಮಿಗೆ ಕರೆಸಿ ಸೀರೆ ಉಡಿಸಿ ಕಳಿಸುತ್ತೇವೆ. ಸಾಲ ಇನ್ನೂ ನನ್ನ ತಲೆ ಮೇಲಿದೆ. ಅಪ್ಪ ಅವ್ವನನ್ನು ನೋಡಿಕೊಳ್ಳುತ್ತಿರುವುದು ನಾನು ಮತ್ತು ನನ್ನ ಹೆಂಡತಿ. ಈಗ ಪಾಲು ಮಾಡಿದರೆ ಒಬ್ಬೊಬ್ಬರಿಗೆ ಒಂದೆಕರೆ ಬರುತ್ತದೆ. ಎರಡನೇ ಬೆಳೆಗೆ ಡ್ಯಾಂ ನೀರು ಬಿಡುತ್ತಾರೋ ಇಲ್ಲವೋ ಅಂತ ವರ್ಷಾ ಕಾಯುವ ಜಾಗದಲ್ಲಿ ಒಂದೆಕರೆಯಲ್ಲಿ ಯಾರು ಬದುಕುತ್ತಾರೆ? ಅಕ್ಕಂದಿರ ಮನೆಯಲ್ಲಿ ಅವರ ಗಂಡಂದಿರಿಗೂ ಹೊಲ ಇದೆ ಅಲ್ವಾ.

ಲಿಂಗಸುಗೂರು ಅಕ್ಕ:

ಅಣ್ಣ, ನಿಮ್ಮ ಕಷ್ಟ ಸುಳ್ಳು ಅಂತ ನಾನು ಹೇಳುವುದಿಲ್ಲ. ಸಾಲ ಇದ್ದರೆ ಸಾಲವೂ ಪಾಲಿಗೆ ಬರಲಿ. ಯಾರು ಎಷ್ಟು ಕಟ್ಟಿದ್ದಾರೆ ಅಂತ ಲೆಕ್ಕ ಬರೆದು, ಅಕ್ಕಂದಿರನ್ನೂ ಕೂರಿಸಿಕೊಂಡು ಮಾತಾಡಿ.

ಆದರೆ ಒಂದು ಮಾತು ಗಮನಿಸಿ. ಅಪ್ಪ ಅವ್ವನನ್ನು ನೋಡಿಕೊಳ್ಳುವವರಲ್ಲಿ ನಿಮ್ಮ ಹೆಂಡತಿಯನ್ನೂ ಸೇರಿಸಿದಿರಿ. ಅವರ ಹೆಸರಿನಲ್ಲಿ ಏನಿದೆ? ನಿಮ್ಮ ಪಹಣಿಯಲ್ಲಿ ಅವರ ಹೆಸರು ಇಲ್ಲ. ಅವರ ತವರಿನಲ್ಲಿ ಅವರ ಅಣ್ಣಂದಿರೂ ನಿಮ್ಮ ಹಾಗೇ ಲೆಕ್ಕ ಹೇಳಿರುತ್ತಾರೆ, ಅವರ ಗಂಡನಿಗೆ ನಾಲ್ಕು ಎಕರೆ ಇದೆಯಲ್ಲ ಅಂತ. ಹುಟ್ಟಿದ ಮನೆಯವರು ಗಂಡನ ಮನೆ ತೋರಿಸುತ್ತಾರೆ, ಗಂಡನ ಮನೆಯವರು ತವರು ತೋರಿಸುತ್ತಾರೆ. ಎರಡೂ ಕಡೆ ದುಡಿದು ಎರಡೂ ಕಡೆ ಹೆಸರಿಲ್ಲದೆ ಉಳಿಯುವುದು ಆಕೆ ಒಬ್ಬಳೇ.

ಮದುವೆ ಖರ್ಚಿನ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಮದುವೆಗೆ ಖರ್ಚಾದ ದುಡ್ಡು ಊಟಕ್ಕೆ, ಪೆಂಡಾಲಿಗೆ, ಗಂಡಿನ ಕಡೆಯವರ ಕೈಗೆ ಹೋಯಿತು. ಅದರಲ್ಲಿ ಆಕೆಯ ಕೈಯಲ್ಲಿ ಉಳಿದಿದ್ದು ಏನು? ಹಾಕಿದ ಬಂಗಾರ ಕೂಡ ಎಷ್ಟೋ ಮನೆಯಲ್ಲಿ ಮೊದಲ ವರ್ಷವೇ ಬ್ಯಾಂಕಿನಲ್ಲಿ ಅಡವು ಬೀಳುತ್ತದೆ. ಅಣ್ಣನ ಮದುವೆಗೂ ಖರ್ಚು ಮಾಡಿರುತ್ತಾರೆ, ಅದನ್ನು ಅವನ ಪಾಲಿನಲ್ಲಿ ಯಾರೂ ಕಳೆಯುವುದಿಲ್ಲ.

ಕೊಪ್ಪಳ ಟೈಪಿಂಗ್:

ನಾನು ಸಬ್ ರಿಜಿಸ್ಟ್ರಾರ್ ಆಫೀಸಿನ ಹತ್ತಿರ ಪತ್ರ ಬರಹಗಾರರೊಬ್ಬರ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಹಕ್ಕು ಬಿಡುಗಡೆ ಪತ್ರ ನಮ್ಮಲ್ಲಿ ದಿನಾ ಆಗುತ್ತದೆ. ಹೇಗಾಗುತ್ತದೆ ಅಂತ ಹೇಳುತ್ತೇನೆ, ಊರು ಹೆಸರು ಯಾವುದೂ ಬೇಡ.

ಬೆಳಿಗ್ಗೆ ಬಸ್ಸಿಗೆ ಅಕ್ಕ ತಂಗಿಯರು ಬರುತ್ತಾರೆ, ಕಂಕುಳಲ್ಲಿ ಒಂದು ಮಗು ಇರುತ್ತದೆ. ಅಣ್ಣ ಎಲ್ಲರಿಗೂ ಇಡ್ಲಿ ಕೊಡಿಸಿ ಕರೆದುಕೊಂಡು ಬರುತ್ತಾನೆ. ಆಧಾರ್ ಕಾರ್ಡುಗಳೆಲ್ಲಾ ಅಣ್ಣನ ಕೈಯಲ್ಲೇ ಇರುತ್ತವೆ. ಪತ್ರದಲ್ಲಿ ಬರೆಯುವ ಮಾತು ಎಲ್ಲಾ ಕಡೆ ಒಂದೇ: ನನ್ನ ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಪ್ರೀತಿ ವಿಶ್ವಾಸದಿಂದ ಬಿಟ್ಟುಕೊಟ್ಟಿರುತ್ತೇನೆ. ನಾನು ಟೈಪ್ ಮಾಡುವಾಗ ಕೇಳುತ್ತೇನೆ, ಅಕ್ಕಾ, ಸರ್ವೆ ನಂಬರ್ ಎಷ್ಟು, ಹೊಲ ಎಷ್ಟೆಕರೆ ಗೊತ್ತಾ? ಆಕೆ ಅಣ್ಣನ ಮುಖ ನೋಡುತ್ತಾಳೆ. ಎಷ್ಟೆಕರೆ ಬಿಟ್ಟುಕೊಡುತ್ತಿದ್ದೇನೆ ಅಂತಲೇ ಗೊತ್ತಿರುವುದಿಲ್ಲ. ಒಳಗೆ ಫೋಟೋ ತೆಗೆದು, ಹೆಬ್ಬೆಟ್ಟು ತೆಗೆದುಕೊಂಡು, ಒಪ್ಪಿಗೆ ಇದೆಯಾ ಅಂತ ಕೇಳುತ್ತಾರೆ. ಹೂಂ ಅನ್ನುತ್ತಾಳೆ. ಹೊರಗೆ ಬಂದು ಒಂದು ಸೀರೆ ತೆಗೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೋಗುತ್ತಾಳೆ.

ಒಬ್ಬರು ಒಂದು ಸಲ ಓದಿ ಹೇಳಪ್ಪಾ ಅಂದರು. ಪೂರ್ತಿ ಓದಿದೆ. ಕೇಳಿಸಿಕೊಂಡು ಸುಮ್ನೆ ಕೂತರು. ಆಮೇಲೆ ಅಣ್ಣನಿಗೆ ಹೇಳಿದರು, ಇವತ್ತು ಬೇಡ, ಅವ್ವನ ಹತ್ತಿರ ಮಾತಾಡಿ ಬರುತ್ತೇನೆ ಅಂತ. ಅಣ್ಣ ಅಲ್ಲೇ ಬೈದ. ಮುಂದೆ ಅವರ ಮನೆಯಲ್ಲಿ ಏನಾಯಿತೋ ನನಗೆ ತಿಳಿಯಲಿಲ್ಲ, ಅವರು ಮತ್ತೆ ನಮ್ಮ ಅಂಗಡಿಗೆ ಬರಲಿಲ್ಲ.

ಮಸ್ಕಿ ಸೊಸೆ:

ಸಹಿ ಹಾಕದಿದ್ದರೆ ತವರು ಕಡಿದು ಹೋಗುತ್ತದೆ ಅನ್ನುವ ಭಯ. ಅದೇ ನಿಜವಾದ ಕಾರಣ. ನಾಳೆ ಗಂಡನ ಮನೆಯಲ್ಲಿ ಜಗಳವಾದರೆ ಹೋಗಿ ನಿಲ್ಲಲು ಒಂದು ಮನೆ ಬೇಕಲ್ಲ. ಆ ಬಾಗಿಲಿಗಾಗಿ ಹೊಲ ಬಿಡುತ್ತೇವೆ.

ಕುಷ್ಟಗಿ ವಕೀಲೆ:

ಕಾನೂನಿನ ವಿಷಯದಲ್ಲಿ ಬಹಳ ಜನರಿಗೆ ಅರ್ಧಂಬರ್ಧ ಮಾಹಿತಿ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳು ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಹಾಗೆ ಹುಟ್ಟಿನಿಂದ ಪಾಲುದಾರರಾಗಿರಲಿಲ್ಲ. ನಮ್ಮ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತು, ಆದರೆ ಆ ಹೊತ್ತಿಗೆ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಅದರಲ್ಲಿ ಜಾಗ ಇರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಜಾರಿಗೆ ಬಂತು. ಮದುವೆ ಆಗಿರಲಿ ಬಿಡಲಿ, ಮಗಳಿಗೂ ಮಗನಿಗೂ ಸಮ ಪಾಲು. ಆಮೇಲೂ ಗೊಂದಲ ಉಳಿದಿತ್ತು. 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೆ ಮಗಳಿಗೆ ಹಕ್ಕು ಇಲ್ಲ ಅಂತ ಕೆಲವು ಕೋರ್ಟುಗಳು ಹೇಳಿದ್ದವು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಸರಿ ಮಾಡಿತು. ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪ ಆ ದಿನ ಬದುಕಿರಬೇಕು ಅಂತೇನಿಲ್ಲ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆಗಿ ಅಥವಾ ಕೋರ್ಟ್ ಡಿಕ್ರಿಯಿಂದ ಪಾಲಾಗಿದ್ದರೆ ಅದನ್ನು ಮುಟ್ಟಲು ಬರುವುದಿಲ್ಲ. ಬಾಯಿಮಾತಿನಲ್ಲಿ ಯಾವತ್ತೋ ಪಾಲಾಗಿದೆ ಅಂದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಅಪ್ಪ ಸ್ವಂತ ದುಡಿದು ತೆಗೆದುಕೊಂಡ ಆಸ್ತಿ ಬೇರೆ. ಅದನ್ನು ಅವರು ಯಾರ ಹೆಸರಿಗೆ ಬೇಕಾದರೂ ವಿಲ್ ಬರೆಯಬಹುದು. ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ. ಅವ್ವನಿಗೂ ಒಂದು ಪಾಲು ಇದೆ ಅನ್ನುವುದನ್ನು ಎಲ್ಲರೂ ಮರೆತೇ ಬಿಡುತ್ತಾರೆ.

ಮತ್ತೆ, ವರದಕ್ಷಿಣೆ ಕೊಟ್ಟಿದ್ದೇವೆ, ಮದುವೆ ಮಾಡಿದ್ದೇವೆ ಅಂತ ಹೇಳಿದರೆ ಹಕ್ಕು ಹೋಗುವುದಿಲ್ಲ. ಬಿಳಿ ಹಾಳೆಯ ಮೇಲೆ, ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಂಡರೂ ಹೋಗುವುದಿಲ್ಲ. ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗಲೇಬೇಕು. ಒಮ್ಮೆ ರಿಜಿಸ್ಟರ್ ಆದ ಮೇಲೆ ಮೋಸವಾಗಿದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡುವುದು ಬಹಳ ಕಷ್ಟ. ಅದಕ್ಕೇ ಸಹಿಗೆ ಮೊದಲು ಕೇಳಿ.

ರಾಯಚೂರು ಬಾಜಿ:

ನಮ್ಮಲ್ಲಿ ಮಗಳಿಗೆ ಪಾಲು ಶರೀಯತ್ತಿನಲ್ಲಿ ಮೊದಲಿನಿಂದಲೂ ಇದೆ, ಮಗನ ಅರ್ಧದಷ್ಟು. ಅರ್ಧ ಯಾಕೆ ಅನ್ನುವುದು ದೊಡ್ಡ ಚರ್ಚೆ, ಅದು ಆಗಬೇಕು. ಆದರೆ ಆ ಅರ್ಧವನ್ನೂ ಕೊಡುವವರು ಎಷ್ಟು ಜನ? ಇಲ್ಲೂ ಅದೇ ಮಾತು, ಮಾಫ್ ಮಾಡಿಬಿಡು, ಭಾಯಿಗೆ ಬಿಟ್ಟುಕೊಡು. ಧರ್ಮ ಯಾವುದಾದರೂ ಸಹಿ ಹಾಕಿಸಿಕೊಳ್ಳುವ ರೀತಿ ಒಂದೇ.

ಗಂಗಾವತಿ ಹುಡುಗ:

ಹೊಲ ಇದ್ದವರ ಮಾತಾಯಿತು. ಹೊಲವೇ ಇಲ್ಲದವರ ಮಾತು? ನಮ್ಮ ಅವ್ವ ಕೂಲಿಗೆ ಹೋಗುತ್ತಾಳೆ. ಗಂಡಾಳಿಗೆ 500 ಇದ್ದರೆ ಹೆಣ್ಣಾಳಿಗೆ 300. ಕೇಳಿದರೆ ಗಂಡಸರು ಔಷಧಿ ಹೊಡೆಯುತ್ತಾರೆ, ಚೀಲ ಹೊರುತ್ತಾರೆ, ಭಾರದ ಕೆಲಸ ಅನ್ನುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಮೊಣಕಾಲುದ್ದ ನೀರಲ್ಲಿ ಸೊಂಟ ಬಗ್ಗಿಸಿ ಸಸಿ ಹಚ್ಚುವುದು ಹಗುರದ ಕೆಲಸವಾ? ಗಂಡಸರು ಕಳೆ ತೆಗೆಯಲು ಬಂದ ದಿನವೂ ಅವರಿಗೆ ಜಾಸ್ತಿ ಕೊಡುತ್ತಾರೆ, ಅದನ್ನು ನಾನೇ ನೋಡಿದ್ದೇನೆ. ಅಂದರೆ ಕೂಲಿ ಕೆಲಸಕ್ಕಲ್ಲ, ಆಳಿಗೆ ಕೊಡುವುದು.

ಎಕರೆಗೆ ಇಷ್ಟು ಅಂತ ಗುತ್ತಿಗೆ ಹಿಡಿದು ಗುಂಪಾಗಿ ನಾಟಿ ಮಾಡಿದಾಗ ಮಾತ್ರ ಅವ್ವನಿಗೆ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ. ಆವಾಗ ದುಡ್ಡು ಹಂಚಿಕೊಳ್ಳುವವರು ಹೆಂಗಸರೇ. ಇನ್ನೊಂದು, ಉದ್ಯೋಗ ಖಾತ್ರಿ. ಅದರಲ್ಲಿ ಗಂಡು ಹೆಣ್ಣು ಎಲ್ಲರಿಗೂ ಒಂದೇ ಕೂಲಿ. 2025-26ಕ್ಕೆ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ಇತ್ತು. ಕೆರೆ ಹೂಳು ತೆಗೆಯುವ ಕೆಲಸ ನಡೆಯುವಾಗ ಊರಲ್ಲಿ ಹೆಣ್ಣಾಳಿನ ಕೂಲಿಯನ್ನೂ ಏರಿಸಬೇಕಾಗುತ್ತದೆ, ಇಲ್ಲದಿದ್ದರೆ ಹೊಲಕ್ಕೆ ಯಾರೂ ಬರುವುದಿಲ್ಲ.

ಬಳ್ಳಾರಿ ಟೇಲರ್:

ಗಂಗಾವತಿ ತಮ್ಮ ಹೇಳಿದ್ದು ನಮ್ಮ ಜೀನ್ಸ್ ಕೆಲಸದಲ್ಲೂ ಇದೆ. ಬಳ್ಳಾರಿ ಜೀನ್ಸ್ ಅಂತ ಎಲ್ಲಾ ಕಡೆ ಹೆಸರು. ಮನೆಮನೆಯಲ್ಲಿ ಹೆಂಗಸರು ದಾರ ಕತ್ತರಿಸುತ್ತಾರೆ, ಗುಂಡಿ ಕೆಲಸ ಮಾಡುತ್ತಾರೆ, ಹೊಲಿಗೆಯನ್ನೂ ಮಾಡುತ್ತಾರೆ. ಪೀಸಿಗೆ ಇಷ್ಟು ಅಂತ ಲೆಕ್ಕ. ಕಟಿಂಗ್ ಮಾಸ್ಟರ್ ಗಂಡಸು, ಅವನಿಗೆ ಸಂಬಳ. ನಮ್ಮದು ಮನೆಯಲ್ಲಿ ಕೂತು ಮಾಡುವ ಕೆಲಸ ಅಂತ ರೇಟು ಕಡಿಮೆ. ಮಷೀನು ನಮ್ಮದು, ಕರೆಂಟ್ ಬಿಲ್ಲು ನಮ್ಮದು, ಕಣ್ಣು ಬೆನ್ನು ನಮ್ಮದು.

1968ರಲ್ಲಿ ಇಂಗ್ಲೆಂಡಿನ ಡ್ಯಾಗನಮ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರಿನ ಸೀಟಿನ ಕವರ್ ಹೊಲಿಯುವ ಹೆಂಗಸರು ಸ್ಟ್ರೈಕ್ ಮಾಡಿದ್ದರ ಬಗ್ಗೆ ಓದಿದ್ದೆ. ಅವರ ಹೊಲಿಗೆಯನ್ನು ಕಂಪನಿ ಕುಶಲ ಕೆಲಸ ಅಂತ ಒಪ್ಪಿರಲಿಲ್ಲ, ಕೆಳಗಿನ ದರ್ಜೆಗೆ ಹಾಕಿತ್ತು. 187 ಹೆಂಗಸರು ಮೂರು ವಾರ ಮಷೀನು ಮುಟ್ಟಲಿಲ್ಲ. ಸೀಟಿಲ್ಲದೆ ಕಾರು ಮಾರಲು ಆಗುತ್ತದಾ? ಉತ್ಪಾದನೆ ನಿಂತಿತು. ಕೊನೆಗೆ ಮಂತ್ರಿ ಬಾರ್ಬರಾ ಕ್ಯಾಸಲ್ ಅವರನ್ನು ಕರೆದು ಮಾತಾಡಿದರು. ಗಂಡಸರ ದರದ 92 ಪರ್ಸೆಂಟ್ ಸಿಕ್ಕಿತು, 1970ರಲ್ಲಿ ಅಲ್ಲಿ ಸಮಾನ ವೇತನ ಕಾಯ್ದೆ ಬಂತು. ಆದರೆ ಹೊಲಿಗೆ ಕುಶಲ ಕೆಲಸ ಅಂತ ಕಂಪನಿ ಒಪ್ಪಿದ್ದು ಇನ್ನೊಂದು ಸ್ಟ್ರೈಕ್ ಆದ ಮೇಲೆ, 1984ರಲ್ಲಿ. ಹದಿನಾರು ವರ್ಷ! ನಮ್ಮ ದೇಶದಲ್ಲಿ 1976ರಿಂದಲೇ ಸಮಾನ ವೇತನ ಕಾಯ್ದೆ ಇತ್ತು, ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿದೆ. ಅಲ್ಲಿ ಎಲ್ಲರೂ ಒಂದೇ ಛಾವಣಿಯ ಕೆಳಗೆ ಇದ್ದರು. ನಾವು ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಹೊಲಿಯುತ್ತೇವೆ, ಪಕ್ಕದ ಓಣಿಯವಳಿಗೆ ಪೀಸಿಗೆ ಎಷ್ಟು ಕೊಡುತ್ತಾರೆ ಅಂತ ನನಗೆ ಗೊತ್ತಿಲ್ಲ. ಮೊದಲು ಆ ರೇಟನ್ನು ಒಬ್ಬರಿಗೊಬ್ಬರು ಹೇಳಿಕೊಂಡರೂ ಸಾಕು, ಅರ್ಧ ಕೆಲಸ ಆದ ಹಾಗೆ.

ಯಲಬುರ್ಗಾ ಮೇಷ್ಟ್ರು:

ಬಳ್ಳಾರಿಯ ಅಕ್ಕನ ಮಾತು ಓದಿ ಐಸ್‌ಲ್ಯಾಂಡ್ ನೆನಪಾಯಿತು. ಇಡೀ ದೇಶದ ಜನಸಂಖ್ಯೆ 4 ಲಕ್ಷ ಇಲ್ಲ, ಬಳ್ಳಾರಿ ಸಿಟಿಗಿಂತ ಕಮ್ಮಿ. 1975ರ ಅಕ್ಟೋಬರ್ 24ರಂದು ಅಲ್ಲಿಯ ಹೆಂಗಸರಲ್ಲಿ ನೂರಕ್ಕೆ ತೊಂಬತ್ತು ಜನ ಒಂದು ದಿನ ಎಲ್ಲಾ ಕೆಲಸ ಬಿಟ್ಟರು. ಆಫೀಸಿಗೆ ಹೋಗಲಿಲ್ಲ, ಮೀನಿನ ಕಾರ್ಖಾನೆಗೆ ಹೋಗಲಿಲ್ಲ, ಮನೆಯಲ್ಲಿ ಅಡುಗೆಯನ್ನೂ ಮಾಡಲಿಲ್ಲ, ಮಕ್ಕಳನ್ನೂ ನೋಡಿಕೊಳ್ಳಲಿಲ್ಲ. ಅಪ್ಪಂದಿರು ಮಕ್ಕಳನ್ನು ಕರೆದುಕೊಂಡು ಆಫೀಸಿಗೆ ಹೋದರು. ಬೇಗ ಬೇಯುವ ಸಾಸೇಜು ಅಂಗಡಿಗಳಲ್ಲಿ ಖಾಲಿಯಾಯಿತು. ಮುಂದಿನ ವರ್ಷವೇ ಪಾರ್ಲಿಮೆಂಟು ಸಮಾನತೆಯ ಕಾನೂನು ಮಾಡಿತು. 1980ರಲ್ಲಿ ವಿಗ್ಡಿಸ್ ಫಿನ್‌ಬೊಗಾಡೊಟ್ಟಿರ್ ಅಧ್ಯಕ್ಷೆಯಾದರು, ಜನರ ಓಟಿನಿಂದ ಒಂದು ದೇಶದ ಅಧ್ಯಕ್ಷೆಯಾದ ಜಗತ್ತಿನ ಮೊದಲ ಮಹಿಳೆ. ಗಂಡನಿಂದ ಬೇರೆಯಾಗಿ ಒಬ್ಬರೇ ಮಗಳನ್ನು ಸಾಕುತ್ತಿದ್ದವರು.

2018ರಿಂದ ಅಲ್ಲಿ 25 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಂಪನಿ, ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡುತ್ತಿದ್ದೇನೆ ಅಂತ ತಾನೇ ತೋರಿಸಬೇಕು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ನಮ್ಮಲ್ಲಿ ಕಡಿಮೆ ಕೂಲಿ ಸಿಕ್ಕವಳೇ ಹೋಗಿ ದೂರು ಕೊಡಬೇಕು, ಮರುದಿನ ಅದೇ ಹೊಲಕ್ಕೆ ಕೆಲಸಕ್ಕೆ ಹೋಗಬೇಕು. ಯಾರು ಕೊಡುತ್ತಾರೆ ದೂರು? ಇಷ್ಟೆಲ್ಲಾ ಆದರೂ ಅಂತರ ಪೂರ್ತಿ ಮುಚ್ಚಿಲ್ಲ ಅಂತ 2023ರ ಅಕ್ಟೋಬರ್ 24ಕ್ಕೆ ಮತ್ತೆ ಕೆಲಸ ಬಿಟ್ಟರು, ಆಗಿನ ಪ್ರಧಾನಿ ಕಾಟ್ರಿನ್ ಯಾಕೊಬ್ಸ್‌ಡೊಟ್ಟಿರ್ ಕೂಡ ಆ ದಿನ ಕೆಲಸ ಮಾಡಲಿಲ್ಲ.

ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಐದು ಗಂಟೆಗೆ ಹತ್ತಿರ! ಹೊಲದ ಕೂಲಿ ಇದರ ಮೇಲೆ ಬೇರೆ. ನಮ್ಮ ಶಾಲೆಯಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಗೈರು ಆಗುವುದು ಹುಡುಗಿಯರೇ ಜಾಸ್ತಿ. ತಮ್ಮನನ್ನು ನೋಡಿಕೊಳ್ಳಬೇಕು ಸಾರ್ ಅನ್ನುತ್ತಾರೆ.

ಸಿರುಗುಪ್ಪ ರೈತ:

ಮೇಷ್ಟ್ರೇ, ಐಸ್‌ಲ್ಯಾಂಡ್ ಶ್ರೀಮಂತ ದೇಶ. ಅಲ್ಲಿ ಆಗಿದ್ದು ಇಲ್ಲಿ ಹೇಗೆ ಆಗುತ್ತದೆ? ನಮ್ಮಂಥ ಬಡ ರೈತರ ದೇಶದಲ್ಲಿ ಎಲ್ಲಾದರೂ ಆಗಿದೆಯಾ ಹೇಳಿ.

ಯಲಬುರ್ಗಾ ಮೇಷ್ಟ್ರು:

ಆಗಿದೆ ಅಣ್ಣ. ರುವಾಂಡಾ. ಆಫ್ರಿಕಾದ ಸಣ್ಣ ದೇಶ, ನಮಗಿಂತ ಬಡವರು, ಹೆಚ್ಚಿನವರು ತುಂಡು ಹೊಲದ ರೈತರು. 1994ರ ನರಮೇಧದಲ್ಲಿ ಲಕ್ಷಾಂತರ ಜನ ಸತ್ತರು. ಉಳಿದ ವಿಧವೆಯರು, ಹೆಣ್ಣುಮಕ್ಕಳು ಹೊಲಕ್ಕೆ ಹೋದರೆ ಗಂಡನ ಅಣ್ಣತಮ್ಮಂದಿರು ಇದು ನಿಮ್ಮದಲ್ಲ ಅಂದರು, ಯಾಕೆಂದರೆ ಅಲ್ಲಿಯ ಸಂಪ್ರದಾಯದಲ್ಲಿ ಹೆಣ್ಣಿಗೆ ಹೊಲ ಬರುತ್ತಿರಲಿಲ್ಲ. 1999ರಲ್ಲಿ ಕಾನೂನು ಮಾಡಿ ಮಗಳಿಗೂ ಮಗನಿಗೂ ಸಮ ಹಕ್ಕು ಕೊಟ್ಟರು. ಕಾನೂನು ಮಾಡಿ ಸುಮ್ಮನೆ ಕೂರಲಿಲ್ಲ. ಆಮೇಲೆ ದೇಶದ ಒಂದೊಂದು ತುಂಡು ಜಮೀನನ್ನೂ ಗುರುತಿಸಿ ನೋಂದಣಿ ಮಾಡಿದರು. ಗಂಡ ಹೆಂಡತಿ ಇಬ್ಬರ ಹೆಸರೂ ಹಕ್ಕುಪತ್ರಕ್ಕೆ ಬಂತು. ಹೆಂಗಸು ಅರ್ಜಿ ಹಿಡಿದು ಕಚೇರಿಗೆ ಅಲೆಯಬೇಕಾಗಲಿಲ್ಲ, ಸರ್ಕಾರವೇ ಊರಿಗೆ ಬಂದು ಬರೆಯಿತು. 2024ರ ಚುನಾವಣೆಯ ನಂತರ ಅಲ್ಲಿಯ ಪಾರ್ಲಿಮೆಂಟಿನ ಕೆಳಮನೆಯಲ್ಲಿ ನೂರಕ್ಕೆ 60ಕ್ಕಿಂತ ಜಾಸ್ತಿ ಹೆಂಗಸರು. ನಮ್ಮ ಲೋಕಸಭೆಯಲ್ಲಿ ಅದೇ ವರ್ಷ 543ರಲ್ಲಿ 74 ಜನ.

ಅಲ್ಲೂ ಒಂದು ಕೊರತೆ ಆಯಿತು. ಕಾನೂನು ಪ್ರಕಾರ ಮದುವೆ ನೋಂದಣಿ ಆಗಿದ್ದ ಹೆಂಡತಿಯರಿಗೆ ಮಾತ್ರ ಹೆಸರು ಸುಲಭವಾಗಿ ಬಂತು. ಸಂಪ್ರದಾಯದ ಮದುವೆಯವರು, ಎರಡನೇ ಹೆಂಡತಿಯರು ಹೊರಗೆ ಉಳಿದರು.

ಹಗರಿಬೊಮ್ಮನಹಳ್ಳಿ:

ಮದುವೆ ನೋಂದಣಿ ನಮ್ಮ ಹಳ್ಳಿಗಳಲ್ಲಿ ಯಾರು ಮಾಡಿಸುತ್ತಾರೆ? ವೀಸಾಕ್ಕೆ ಬೇಕಾದವರು ಮಾತ್ರ.

ದೇವದುರ್ಗ ಮೆಂಬರ್:

ನಾನು ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದವಳು. ಕರ್ನಾಟಕದಲ್ಲಿ 2010ರಿಂದ ಪಂಚಾಯಿತಿಯಲ್ಲಿ ಹೆಂಗಸರಿಗೆ ಅರ್ಧ ಸೀಟು. ಮೊದಲು ಮೀಟಿಂಗಿಗೆ ಗಂಡನೇ ಬಂದು ಕೂರುವುದು ಮಾಮೂಲಾಗಿತ್ತು. ಈಗಲೂ ಬಹಳ ಕಡೆ ಇದೆ. ಆದರೆ ಒಂದು ಮಾತು ಹೇಳಬೇಕು. ನಮ್ಮ ಓಣಿಯ ಹೆಂಗಸರು ನೀರಿನ ಟ್ಯಾಂಕಿನ ವಿಷಯಕ್ಕೆ ನನ್ನ ಗಂಡನ ಹತ್ತಿರ ಹೋಗಲಿಲ್ಲ, ನನ್ನ ಹತ್ತಿರವೇ ಬಂದರು. ಎರಡು ವರ್ಷ ಹೀಗೆ ಬಂದು ಬಂದು, ಮೀಟಿಂಗಿನಲ್ಲಿ ನಾನೇ ಎದ್ದು ಮಾತಾಡುವ ಹಾಗಾಯಿತು. ಖುರ್ಚಿ ಕೊಟ್ಟ ತಕ್ಷಣ ಎಲ್ಲಾ ಬರುವುದಿಲ್ಲ, ಆದರೆ ಖುರ್ಚಿ ಇಲ್ಲದೆ ಏನೂ ಬರುವುದಿಲ್ಲ.

1999ರಲ್ಲಿ ಬಳ್ಳಾರಿ ಲೋಕಸಭೆಗೆ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ನಿಂತಿದ್ದು ನೆನಪಿದೆಯಾ? ಸುಷ್ಮಾ ಅವರು ಕನ್ನಡ ಕಲಿತು ಭಾಷಣ ಮಾಡಿದರು. ದೇಶವೇ ನಮ್ಮ ಕಡೆ ನೋಡಿತು. ಸಂತೋಷ. ಆದರೆ 2023ರಲ್ಲಿ ನಮ್ಮ ವಿಧಾನಸಭೆಯ 224ರಲ್ಲಿ ಗೆದ್ದ ಹೆಂಗಸರು 10 ಜನ. ಅದರಲ್ಲಿ ಒಬ್ಬರು ನಮ್ಮ ದೇವದುರ್ಗದವರು ಅನ್ನುವುದು ನನಗೆ ಹೆಮ್ಮೆ, ಪಕ್ಷ ಯಾವುದೇ ಇರಲಿ. ಪಾರ್ಲಿಮೆಂಟು ಮತ್ತು ವಿಧಾನಸಭೆಗೆ ಮೂರನೇ ಒಂದು ಭಾಗ ಮೀಸಲಾತಿ ಕಾನೂನು 2023ರಲ್ಲಿ ಪಾಸಾಗಿದೆ. ಆದರೆ ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಅದರಲ್ಲೇ ಬರೆದಿದ್ದಾರೆ.

ಮಸ್ಕಿ ಸೊಸೆ:

ಗೃಹಲಕ್ಷ್ಮಿ 2000, ಶಕ್ತಿ ಬಸ್ಸು ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದರಿಂದ ನಿಜಕ್ಕೂ ಉಪಯೋಗ ಆಗಿದೆ. ಮೊದಲು ಆಸ್ಪತ್ರೆಗೆ ಹೋಗಬೇಕಾದರೂ ಬಸ್ ಚಾರ್ಜಿಗೆ ಗಂಡನ ಹತ್ತಿರ ಕೇಳಬೇಕಿತ್ತು. ಈಗ ಆಧಾರ್ ಹಿಡಿದು ಹೋಗುತ್ತೇನೆ. ನನ್ನ ಹೆಸರಿನ ಖಾತೆಗೆ ದುಡ್ಡು ಬರುತ್ತದೆ. ಇದನ್ನು ಬಿಟ್ಟಿ ಅಂತ ಹೇಳುವವರ ಮಾತು ಕೇಳಿದರೆ ನೋವಾಗುತ್ತದೆ.

ಲಿಂಗಸುಗೂರು ಅಕ್ಕ:

ಬಿಟ್ಟಿ ಅಲ್ಲವೇ ಅಲ್ಲ ತಂಗಿ. ನಾನು ಸೇರಿಸುವುದು ಇಷ್ಟೇ: ಆ 2000 ಸರ್ಕಾರ ಬದಲಾದರೆ ನಿಲ್ಲಬಹುದು, ಒಂದು ತಿಂಗಳು ತಡವಾದರೆ ಕಾಯಬೇಕು. ಹೊಲದ ಪಾಲು ಯಾರೂ ಬಂದು ನಿಲ್ಲಿಸುವಂಥದ್ದಲ್ಲ. ಎರಡೂ ಬೇಕು.

ಇನ್ನೊಂದು ವಿಷಯ ಬಹಳ ದಿನದಿಂದ ಮನಸ್ಸಿನಲ್ಲಿದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಮುತ್ತು ಕಟ್ಟುವ ಪದ್ಧತಿ, ಅಂದರೆ ಹೆಣ್ಣುಮಕ್ಕಳನ್ನು ದೇವದಾಸಿ ಮಾಡುವುದು, ಎಷ್ಟು ಮನೆ ಹಾಳು ಮಾಡಿದೆ ಅಂತ ಎಲ್ಲರಿಗೂ ಗೊತ್ತು. 1982ರಲ್ಲೇ ಕರ್ನಾಟಕ ಅದನ್ನು ನಿಷೇಧಿಸುವ ಕಾಯ್ದೆ ಮಾಡಿತು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವರಿಗೆ ಬಿಟ್ಟರೆ ಆಕೆ ಮನೆಯಲ್ಲೇ ಉಳಿಯುತ್ತಾಳೆ, ಅಪ್ಪನ ಹೊಲ ನೋಡಿಕೊಳ್ಳುತ್ತಾಳೆ, ಮಗನ ಹಾಗೆ ಇರುತ್ತಾಳೆ ಅಂತ ನಂಬಿದ್ದವರಿದ್ದರು. ಬಡತನ, ಜಾತಿ, ದೇವರ ಭಯ, ಕಾರಣ ಬಹಳ ಇವೆ, ಅವುಗಳಲ್ಲಿ ಇದೂ ಒಂದು. ಯೋಚನೆ ಮಾಡಿ. ಮಗಳಿಗೆ ಮಗಳಾಗಿಯೇ ಹೊಲ ಸಿಗುವ ಹಾಗಿದ್ದರೆ ಆ ಒಂದು ಕಾರಣವಾದರೂ ಇರುತ್ತಿರಲಿಲ್ಲ. ದಲಿತ ಹೆಣ್ಣುಮಕ್ಕಳ ಜೀವ ಅದಕ್ಕೆ ಬಲಿಯಾಯಿತು, ಸಿಟ್ಟು ಬರುತ್ತದೆ.

ಸಿರುಗುಪ್ಪ ರೈತ:

ನಾನು ಯಾರಿಂದಲೂ ಬಲವಂತವಾಗಿ ಸಹಿ ಹಾಕಿಸಿಕೊಂಡಿಲ್ಲ ಅಕ್ಕ, ಅದನ್ನು ಮೊದಲು ಹೇಳುತ್ತೇನೆ. ಹೊಲ ಇನ್ನೂ ಅಪ್ಪನ ಹೆಸರಲ್ಲೇ ಇದೆ. ನನ್ನ ಪ್ರಶ್ನೆ ವಕೀಲೆ ಮೇಡಂಗೆ. ಹೊಲ ತುಂಡು ಮಾಡದೆ ಎಲ್ಲರ ಹೆಸರು ಪಹಣಿಗೆ ಹಾಕಿಸಿ, ಸಾಗುವಳಿ ನಾನು ಮಾಡಿ, ಅಕ್ಕಂದಿರಿಗೆ ವರ್ಷಕ್ಕೆ ಗುತ್ತಿಗೆಯ ಹಾಗೆ ಇಷ್ಟು ಚೀಲ ನೆಲ್ಲು ಅಥವಾ ದುಡ್ಡು ಅಂತ ಕೊಡಬಹುದಾ? ಸಾಲ ಕಟ್ಟಿದ್ದು ಅದರಲ್ಲಿ ಹಿಡಿದುಕೊಳ್ಳಬಹುದಾ?

ಕುಷ್ಟಗಿ ವಕೀಲೆ:

ಖಂಡಿತ ಮಾಡಬಹುದು. ಅಪ್ಪ ಇರುವಾಗಲೇ ಎಲ್ಲರೂ ಕೂತು ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ಜಂಟಿ ಖಾತೆ ಅಂದರೆ ಹೊಲ ತುಂಡಾಗುವುದಿಲ್ಲ, ಹೆಸರು ಇರುತ್ತದೆ. ಯಾರು ಸಾಗುವಳಿ ಮಾಡಬೇಕು, ಅಕ್ಕಂದಿರಿಗೆ ಎಷ್ಟು, ಸಾಲದಲ್ಲಿ ಯಾರ ಪಾಲು ಎಷ್ಟು ಅಂತ ಬರೆದು ಎಲ್ಲರೂ ಓದಿ ಸಹಿ ಹಾಕಿ, ಒಬ್ಬ ವಕೀಲರಿಗೆ ತೋರಿಸಿ. ಜಂಟಿ ಖಾತೆಯಲ್ಲಿ ಸಾಲ ತೆಗೆಯುವಾಗ ಎಲ್ಲರ ಸಹಿ ಕೇಳುತ್ತಾರೆ, ಅದೊಂದು ತೊಂದರೆ ಇದೆ, ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಅವ್ವನ ಹೆಸರು ಬಿಡಬೇಡಿ.

ಗಂಗಾವತಿ ಹುಡುಗ:

ಮೇಡಂ, ನಮ್ಮ ಚಿಗವ್ವನ ಗಂಡ ತೀರಿಕೊಂಡಿದ್ದಾರೆ. ಮೈದುನ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿದ್ದಾನಂತೆ, ವಂಶವೃಕ್ಷದಲ್ಲಿ ಚಿಗವ್ವನ ಹೆಸರನ್ನೂ ಅವಳ ಮಗಳ ಹೆಸರನ್ನೂ ಬಿಟ್ಟಿದ್ದಾನಂತೆ. ವಕೀಲರಿಗೆ ಕೊಡಲು ದುಡ್ಡಿಲ್ಲ. ಏನು ಮಾಡಬೇಕು?

ಕುಷ್ಟಗಿ ವಕೀಲೆ:

ಇವತ್ತೇ ಶುರು ಮಾಡಿ, ತಡ ಮಾಡಬೇಡಿ. ಪೌತಿ ಖಾತೆ ಮಾಡುವ ಮೊದಲು ನೋಟಿಸ್ ಹೊರಡಿಸುತ್ತಾರೆ. ಆ ಅವಧಿಯೊಳಗೆ ನಾಡಕಚೇರಿಯಲ್ಲಿ ತಕರಾರು ಅರ್ಜಿ ಕೊಡಲಿ. ಗಂಡನ ಮರಣ ಪ್ರಮಾಣಪತ್ರ, ಇಬ್ಬರ ಹೆಸರಿರುವ ರೇಷನ್ ಕಾರ್ಡ್, ಮಗಳ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರು, ಇವುಗಳ ಜೆರಾಕ್ಸ್ ಜೊತೆಗಿರಲಿ. ಅರ್ಜಿ ಕೊಟ್ಟಿದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ತೆಗೆದುಕೊಂಡೇ ಬರಲಿ, ನಾಳೆ ಬಾ ಅಂದರೆ ಒಪ್ಪಬೇಡಿ. ಖಾತೆ ಈಗಾಗಲೇ ಆಗಿಹೋಗಿದ್ದರೂ ಹೆದರಬೇಕಿಲ್ಲ, ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮೈದುನ ಮಾಲೀಕ ಆಗುವುದಿಲ್ಲ, ಮೇಲ್ಮನವಿ ಹಾಕಬಹುದು, ಕೋರ್ಟಿಗೂ ಹೋಗಬಹುದು.

ದುಡ್ಡಿನ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಆದಾಯ ಎಷ್ಟೇ ಇರಲಿ. ಗಂಗಾವತಿ ಕೋರ್ಟಿನ ಆವರಣದಲ್ಲೇ ತಾಲ್ಲೂಕು ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಗಂಗಾವತಿ ಹುಡುಗ:

ಸೋಮವಾರ ಚಿಗವ್ವನನ್ನು ಕರೆದುಕೊಂಡು ನಾಡಕಚೇರಿಗೆ ಹೋಗುತ್ತೇನೆ ಮೇಡಂ. ರೇಷನ್ ಕಾರ್ಡ್ ಮೈದುನನ ಹತ್ತಿರ ಇದೆ, ನಂಬರ್ ಹಾಕಿ ಆನ್‌ಲೈನಲ್ಲಿ ಪ್ರಿಂಟ್ ತೆಗೆದರೆ ನಡೆಯುತ್ತದಾ?

ಕೊಪ್ಪಳ ಟೈಪಿಂಗ್:

ನಡೆಯುತ್ತದೆ ತಮ್ಮಾ. ತಕರಾರು ಅರ್ಜಿ ನಾನೇ ಟೈಪ್ ಮಾಡಿ ಕೊಡುತ್ತೇನೆ, ಹೊಲದ ಸರ್ವೆ ನಂಬರ್ ಮತ್ತು ಹಳೆಯ ಪಹಣಿಯ ಫೋಟೋ ಕಳಿಸು. ದುಡ್ಡು ಬೇಡ.